ಎರ್ನಾಕುಳಂಗೋ ದೆಹಲಿಗೋ: ಎರಡು ಉನ್ನತ ನ್ಯಾಯಾಲಯಗಳ ಅಧಿಕಾರವನ್ನು ಕಾಸರಗೋಡಿನಲ್ಲಿ ಕುಳಿತು ಹೋಲಿಸುವ ಬಗೆ

ಗಡಿನಾಡಿನ ಕನ್ನಡಿಗರ ಸಭೆಗಳಲ್ಲಿ ಶಾಲೆಯ ಪ್ರಶ್ನೆಯೋ ಭೂಮಿಯ ಪ್ರಶ್ನೆಯೋ ಬಂದು ಮಾತು ಕಾವೇರಿದಾಗ, ಇದನ್ನು ನೇರವಾಗಿ ಸುಪ್ರೀಂ ಕೋರ್ಟಿಗೇ ಒಯ್ಯಬೇಕೆಂಬ ಸಲಹೆ ತಪ್ಪದೆ ಕೇಳಿಬರುತ್ತದೆ. ಹೈಕೋರ್ಟಿನಲ್ಲಿ ಸಿಗುವುದೆಲ್ಲವೂ ಸುಪ್ರೀಂ ಕೋರ್ಟಿನಲ್ಲಿ ಸಿಗುತ್ತದೆ, ಅದರ ಮೇಲೆ ಇನ್ನಷ್ಟೂ ಸಿಗುತ್ತದೆ ಎಂಬ ನಂಬಿಕೆ ಈ ಸಲಹೆಯ ಹಿಂದಿದೆ. ಸಂವಿಧಾನವು ಎರಡು ನ್ಯಾಯಾಲಯಗಳನ್ನು ಹಾಗೆ ಜೋಡಿಸಿಲ್ಲ. ದೇಶದ ಉದ್ದಗಲಕ್ಕೂ ಸಲ್ಲುವ ಆದೇಶ, ಕಟ್ಟಕಡೆಯ ತೀರ್ಮಾನ, ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ ಇವೆಲ್ಲ ಸುಪ್ರೀಂ ಕೋರ್ಟಿನ ಪಾಲಿಗೆ ಬಂದಿವೆ. ಆದರೆ ಒಬ್ಬ ಪ್ರಜೆ ಎಂತೆಂಥ ಹಕ್ಕುಗಳನ್ನು ಹಿಡಿದು ಬಾಗಿಲು ತಟ್ಟಬಹುದೆಂಬ ವಿಚಾರದಲ್ಲಿ ಎರ್ನಾಕುಳಂನ ಕೇರಳ ಹೈಕೋರ್ಟಿನ ಬಾಗಿಲೇ ಹೆಚ್ಚು ಅಗಲವಾಗಿದೆ. ಹೋಲಿಕೆಯನ್ನು ಯಾವ ಕ್ರಮದಲ್ಲಿ ಮಾಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ ಎಂಬುದನ್ನು ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲ್ಲೂಕುಗಳ ಜನರಿಗೆ ಪರಿಚಿತವಾದ ಪ್ರಕರಣಗಳ ಮೂಲಕವೇ ಇಲ್ಲಿ ತೋರಿಸಲಾಗಿದೆ.

ಮೊದಲು 32 ಮತ್ತು 226ನೇ ವಿಧಿಗಳನ್ನು ಅಕ್ಕಪಕ್ಕ ಇಟ್ಟು ಓದಿ

ಸಂವಿಧಾನದ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು 32ನೇ ವಿಧಿಯನ್ನೂ 226ನೇ ವಿಧಿಯನ್ನೂ ಒಟ್ಟಿಗೆ ತೆರೆಯಬೇಕು. ಎರಡರಲ್ಲೂ ಅವೇ ಐದು ರಿಟ್‌ಗಳ, ಅಂದರೆ ನ್ಯಾಯಾಲಯವು ಅಧಿಕಾರಸ್ಥರಿಗೆ ಹೊರಡಿಸುವ ಆಜ್ಞೆಗಳ, ಹೆಸರುಗಳಿವೆ: ಹೇಬಿಯಸ್ ಕಾರ್ಪಸ್ (ಬಂಧಿತರನ್ನು ಹಾಜರುಪಡಿಸಿ), ಮ್ಯಾಂಡಮಸ್ (ಮಾಡಬೇಕಾದ ಕರ್ತವ್ಯವನ್ನು ಮಾಡಿ), ಪ್ರೊಹಿಬಿಷನ್ (ಅಧಿಕಾರ ಮೀರಿ ಮುಂದುವರಿಯಬೇಡಿ), ಕೋ ವಾರಂಟೊ (ಯಾವ ಅಧಿಕಾರದಿಂದ ಹುದ್ದೆಯಲ್ಲಿದ್ದೀರಿ ತೋರಿಸಿ) ಮತ್ತು ಸರ್ಷಿಯೊರರಿ (ತಪ್ಪು ಆದೇಶವನ್ನು ರದ್ದುಮಾಡುವುದು). ಇಲ್ಲಿಯ ತನಕ ಎರಡೂ ಒಂದೇ ಎಂಬಂತೆ ಕಾಣುತ್ತದೆ. ಆದರೆ 32ನೇ ವಿಧಿ ಸುಪ್ರೀಂ ಕೋರ್ಟಿಗೆ ಈ ಅಧಿಕಾರವನ್ನು ಕೊಟ್ಟಿರುವುದು ಸಂವಿಧಾನದ ಮೂರನೆಯ ಭಾಗದಲ್ಲಿರುವ ಹಕ್ಕುಗಳ, ಅಂದರೆ ಮೂಲಭೂತ ಹಕ್ಕುಗಳ, ಜಾರಿಗಾಗಿ ಮಾತ್ರ. 226ನೇ ವಿಧಿಯಾದರೋ ಮೂಲಭೂತ ಹಕ್ಕುಗಳ ಜಾರಿಯನ್ನು ಹೇಳಿದ ಮೇಲೆ ‘ಇತರ ಯಾವುದೇ ಉದ್ದೇಶಕ್ಕಾಗಿ’ ಎಂಬರ್ಥದ ಮಾತನ್ನು ಸೇರಿಸುತ್ತದೆ. ಶಾಸನದಿಂದ ಬಂದ ಹಕ್ಕು, ಸರ್ಕಾರಿ ನಿಯಮದಿಂದ ಬಂದ ಹಕ್ಕು, ಸಂವಿಧಾನದ ಬೇರೆ ಭಾಗಗಳಲ್ಲಿರುವ ಹಕ್ಕು, ಹೀಗೆ ಕಾನೂನು ಮಾನ್ಯ ಮಾಡುವ ಯಾವ ಹಕ್ಕಿಗೆ ಭಂಗ ಬಂದರೂ ಹೈಕೋರ್ಟು ರಿಟ್ ಹೊರಡಿಸಬಹುದಾದದ್ದು ಈ ಮಾತಿನ ಬಲದಿಂದ.

ಇದಕ್ಕೆ ಎದುರಾಗಿ 32ನೇ ವಿಧಿಗೆ ಇನ್ನೊಂದು ಬಲವಿದೆ. ಅದು ತಾನೇ ಒಂದು ಮೂಲಭೂತ ಹಕ್ಕು. ಡಾ. ಅಂಬೇಡ್ಕರ್ ಅವರು 1948ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆಯಲ್ಲಿ ಇದನ್ನು ಸಂವಿಧಾನದ ಆತ್ಮ, ಅದರ ಹೃದಯ ಎಂಬರ್ಥದಲ್ಲಿ ವರ್ಣಿಸಿದ್ದು ಇದೇ ಕಾರಣಕ್ಕೆ. ಹೈಕೋರ್ಟಿನ ರಿಟ್ ಅಧಿಕಾರ ವಿವೇಚನೆಗೆ ಒಳಪಟ್ಟದ್ದು. ಬೇರೆ ಪರಿಣಾಮಕಾರಿ ಪರಿಹಾರವಿದ್ದರೆ, ಅರ್ಜಿದಾರರು ವಿನಾಕಾರಣ ತಡಮಾಡಿದ್ದರೆ, ಅಥವಾ ಸಂಗತಿಗಳನ್ನು ಮುಚ್ಚಿಟ್ಟಿದ್ದರೆ ಅದು ಅರ್ಜಿಯನ್ನು ತಳ್ಳಿಹಾಕಬಹುದು. ಮೂಲಭೂತ ಹಕ್ಕಿನ ಭಂಗ ರುಜುವಾತಾದಲ್ಲಿ ಸುಪ್ರೀಂ ಕೋರ್ಟಿಗೆ ತತ್ವಶಃ ಅಷ್ಟು ಸ್ವಾತಂತ್ರ್ಯವಿಲ್ಲ. ಮದರಾಸಿನ ಸರ್ಕಾರ ಪತ್ರಿಕೆಯೊಂದರ ಪ್ರಸಾರವನ್ನು ತಡೆದ 1950ರ ರೊಮೇಶ್ ಥಾಪರ್ ಪ್ರಕರಣದಲ್ಲಿ, ಮೊದಲು ಹೈಕೋರ್ಟಿಗೆ ಹೋಗಿ ಬರಬೇಕೆಂಬ ವಾದವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೂ ಇಂದಿನ ರೂಢಿಯೇ ಬೇರೆ. ಸ್ಥಳೀಯ ಸಂಗತಿಗಳನ್ನು ಅಳೆದು ನೋಡಬೇಕಾದ ಅರ್ಜಿಗಳನ್ನು ಸುಪ್ರೀಂ ಕೋರ್ಟು ಮೇಲಿಂದ ಮೇಲೆ ‘ಹೈಕೋರ್ಟಿಗೆ ಹೋಗಿ’ ಎಂದು ಮರಳಿಸುತ್ತದೆ. ಕಾಗದದ ಮೇಲಿನ ಅಧಿಕಾರದ ಜೊತೆಗೆ ಈ ರೂಢಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ನಿಮ್ಮ ಹಕ್ಕು ಸಂವಿಧಾನದ ಯಾವ ಭಾಗದಲ್ಲಿ ಕುಳಿತಿದೆ?

ನನ್ನ ಅಭಿಪ್ರಾಯದಲ್ಲಿ ಹೋಲಿಕೆಯ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. ಹೆಚ್ಚಿನವರು ಕೇಳದೆ ದಾಟಿಬಿಡುವ ಪ್ರಶ್ನೆಯೂ ಇದೇ. ಇದನ್ನು ವಿವರಿಸಲು ಕಾಸರಗೋಡಿನ ಹೊರಗೆ ಹೋಗಬೇಕಾಗಿಯೇ ಇಲ್ಲ.

ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರ ಮಾರ್ಚ್‌ನಲ್ಲಿ, ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಭೂಮಿಗೆ ಬಂದ ಕುತ್ತನ್ನು ಪ್ರಶ್ನಿಸಿ, ಎರ್ನಾಕುಳಂನ ಹಾದಿ ಹಿಡಿಯದೆ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿನ ಮೊರೆಹೋದರು. ಹಾಗೆ ಹೋಗಲು ಸಾಧ್ಯವಾದದ್ದೇಕೆಂದರೆ ಆಗ ಧರ್ಮ ಮತ್ತು ಧಾರ್ಮಿಕ ಸಂಸ್ಥೆಗಳಿಗೆ ಸಂಬಂಧಿಸಿದ 25 ಮತ್ತು 26ನೇ ವಿಧಿಗಳ ಜೊತೆಗೆ ಆಸ್ತಿಯ ಹಕ್ಕು ಕೂಡ 19(1)(ಎಫ್) ಮತ್ತು 31ನೇ ವಿಧಿಗಳ ರೂಪದಲ್ಲಿ ಮೂರನೆಯ ಭಾಗದಲ್ಲಿಯೇ ಇತ್ತು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಏಳಕ್ಕೆ ಆರರ ಬಹುಮತದಿಂದ ತೀರ್ಪಿತ್ತಿತು. ದೇಶಕ್ಕೆ ಸಿದ್ಧಾಂತ ದಕ್ಕಿತು. ಮಠಕ್ಕೆ ಅದು ಬಯಸಿದ ಭೂಮಿ ದಕ್ಕಲಿಲ್ಲ, ಏಕೆಂದರೆ ಕೇರಳದ ಭೂಸುಧಾರಣಾ ಕಾಯ್ದೆಗಳನ್ನು ಒಂಬತ್ತನೆಯ ಅನುಸೂಚಿಗೆ, ಅಂದರೆ ಮೂಲಭೂತ ಹಕ್ಕುಗಳ ಭಂಗದ ಆಕ್ಷೇಪದಿಂದ ಕಾಯ್ದೆಗಳಿಗೆ ರಕ್ಷಣೆ ಕೊಡುವ ಪಟ್ಟಿಗೆ, ಸೇರಿಸಿದ 29ನೇ ತಿದ್ದುಪಡಿಯನ್ನು ಅದೇ ಪೀಠ ಎತ್ತಿಹಿಡಿಯಿತು.

ಈಗ ಅದೇ ಬಗೆಯ ಪ್ರಶ್ನೆಯನ್ನು ಇಂದಿನ ಕಾಲಕ್ಕೆ ತನ್ನಿ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂರನೆಯ ಭಾಗದಿಂದ ತೆಗೆದು 300ಎ ವಿಧಿಯಾಗಿ ಬೇರೆಡೆ ಇಟ್ಟಿತು. ಅದು ಇಂದಿಗೂ ಸಂವಿಧಾನದತ್ತ ಹಕ್ಕೇ ಹೌದು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಆದರೆ ಮೂಲಭೂತ ಹಕ್ಕಲ್ಲ. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಕುಂಬಳೆಯ ಕೃಷಿಕರೊಬ್ಬರ ಅಡಿಕೆ ತೋಟದ ಅಂಚು ಕ್ರಮಬದ್ಧ ಸ್ವಾಧೀನವಿಲ್ಲದೆ ರಸ್ತೆಯ ಪಾಲಾಯಿತೆಂದು ಭಾವಿಸಿದರೆ, 300ಎ ವಿಧಿಯೊಂದನ್ನೇ ಹಿಡಿದು ಅವರು 32ನೇ ವಿಧಿಯ ಬಾಗಿಲಿಗೆ ಹೋಗುವಂತಿಲ್ಲ. 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಜಗಳವಿರುವುದು ಪರಿಹಾರದ ಮೊತ್ತದ ಬಗ್ಗೆ ಮಾತ್ರವಾದರೆ ಹೈಕೋರ್ಟು ಕೂಡ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿರುವ ಮಧ್ಯಸ್ಥಗಾರರ ಮುಂದೆ ಮೊದಲು ಹೋಗಿ ಎನ್ನುವ ಸಾಧ್ಯತೆಯೇ ಹೆಚ್ಚು. ಸ್ವಾಮೀಜಿಯವರು ತುಳಿದ ದಾರಿ ಇಂದಿನ ಭೂಮಾಲೀಕರಿಗೆ ತೆರೆದಿಲ್ಲವೆಂಬುದು ನಮ್ಮೂರಿನ ಪ್ರಕರಣವನ್ನು ಹೆಮ್ಮೆಯಿಂದ ನೆನೆಯುವವರು ಗಮನಿಸಬೇಕಾದ ಸಂಗತಿ.

ಭಾಷೆಯ ವಿಷಯದಲ್ಲಿ ಈ ಭೇದ ಇನ್ನೂ ಸೂಕ್ಷ್ಮವಾಗಿದೆ. ಕನ್ನಡ ಮಾಧ್ಯಮದ ಪ್ರಾಥಮಿಕ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದರೆಂಬ ದೂರು ಗಡಿನಾಡಿಗೆ ಹೊಸದಲ್ಲ. ಈ ದೂರಿಗೆ ಆಧಾರವಾಗಬಲ್ಲ ಕಾನೂನುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ತನ್ನ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ 29(1)ನೇ ವಿಧಿಯ ಹಕ್ಕು, ಅಲ್ಪಸಂಖ್ಯಾತರು ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೇ ವಿಧಿಯ ಹಕ್ಕು, ಸಮಾನತೆಯ 14ನೇ ವಿಧಿ ಮತ್ತು ಶಿಕ್ಷಣದ 21ಎ ವಿಧಿ ಇವು ಮೂರನೆಯ ಭಾಗದಲ್ಲಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಹೇಳುವ 350ಎ ವಿಧಿ ಇರುವುದು ಹದಿನೇಳನೆಯ ಭಾಗದಲ್ಲಿ. ಅದು 1956ರ ಏಳನೆಯ ತಿದ್ದುಪಡಿಯಿಂದ, ಅಂದರೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣೆಯ ಜೊತೆಜೊತೆಗೇ, ಸಂವಿಧಾನಕ್ಕೆ ಬಂತು. ಕಲಿಕೆಯ ಮಾಧ್ಯಮ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂಬ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿದೆ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕಲ್ಪಿಸಿದ್ದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ. ಅದು ರಾಜ್ಯದ ಶಾಸನದಿಂದ ಬಂದ, ಶಾಸನ ಬದಲಾದರೆ ತಾನೂ ಬದಲಾಗಬಹುದಾದ ಹಕ್ಕು.

ಸುಪ್ರೀಂ ಕೋರ್ಟಿನಲ್ಲಿ 32ನೇ ವಿಧಿಯ ಅರ್ಜಿ ಹಾಕಿದರೆ ಮೊದಲ ಗುಂಪಿನ ಮೇಲೆಯೇ ನಿಲ್ಲಬೇಕು. ಉಳಿದವು ವಾದಕ್ಕೆ ಬೆಂಬಲವಾಗಬಹುದೇ ಹೊರತು ಅವುಗಳ ಭಂಗವೊಂದರಿಂದಲೇ ಅರ್ಜಿ ನಿಲ್ಲದು. ಹೈಕೋರ್ಟಿನ ಅರ್ಜಿಯಲ್ಲಾದರೆ 350ಎ, ಶಿಕ್ಷಣ ಹಕ್ಕು ಕಾಯ್ದೆ, ಭಾಷಾ ಕಾಯ್ದೆ, ನೇಮಕಾತಿಯ ನಿಯಮಗಳು, ಸರ್ಕಾರಿ ಆದೇಶಗಳು ಎಲ್ಲವನ್ನೂ ಮೂಲಭೂತ ಹಕ್ಕುಗಳೊಡನೆ ಒಂದೇ ಮನವಿಯಲ್ಲಿ ಮುಂದಿಡಬಹುದು. ಕನ್ನಡ ಶಾಲೆಯ ಪ್ರಶ್ನೆಗೆ ಎರ್ನಾಕುಳಂ ಮೊದಲ ಆಯ್ಕೆಯಾಗಬೇಕೆಂದು ನಾನು ಹೇಳುವುದು ಈ ಕಾರಣದಿಂದ. ಹತ್ತಿರವಿದೆ, ಖರ್ಚು ಕಡಿಮೆ ಎಂಬವು ಎರಡನೆಯ ಕಾರಣಗಳು. ಆದರೆ ಎಚ್ಚರವೂ ಬೇಕು. 350ಎ ವಿಧಿ ರಾಜ್ಯದ ಮೇಲೆ ಹೊರಿಸುವುದು ಯತ್ನಿಸುವ ಹೊಣೆ. ಮೂಲಭೂತ ಹಕ್ಕಿನಷ್ಟು ಗಟ್ಟಿಯಾದ ನೆಲೆ ಅದಕ್ಕಿಲ್ಲ. ಕರ್ನಾಟಕದ ಕಲಿಕಾ ಮಾಧ್ಯಮದ ನೀತಿಯ ಬಗ್ಗೆ 2014ರ ಮೇ 6ರಂದು ಬಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ (ಐದು ಅಥವಾ ಹೆಚ್ಚು ನ್ಯಾಯಮೂರ್ತಿಗಳ ಪೀಠ) ತೀರ್ಪು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರಲು ಈ ವಿಧಿ ಅಧಿಕಾರ ಕೊಡುವುದಿಲ್ಲವೆಂದು ಹೇಳಿತು. ಬೆಂಗಳೂರಿನಲ್ಲಿ ಕುಳಿತವರಿಗೆ ಸೋಲಾಗಿ ಕಂಡ ಆ ತೀರ್ಪನ್ನು ಗಡಿನಾಡಿನವರು ಇನ್ನೊಂದು ಬದಿಯಿಂದಲೂ ಓದಬಹುದು: ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಸರ್ಕಾರವಲ್ಲ, ತಂದೆತಾಯಿ ಎಂಬುದು ಅದರೊಳಗೇ ಇದೆ.

ಅಲ್ಪಸಂಖ್ಯಾತರು ಯಾರೆಂಬುದನ್ನು ದೇಶದ ಲೆಕ್ಕದಲ್ಲಿ ನೋಡದೆ ರಾಜ್ಯದ ಲೆಕ್ಕದಲ್ಲಿ ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿದ್ದರಿಂದ, ಮಂಜೇಶ್ವರದ ಕನ್ನಡಿಗರು ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರೆಂಬುದನ್ನು ಎರಡು ನ್ಯಾಯಾಲಯಗಳಲ್ಲೂ ಮತ್ತೆ ವಾದಿಸಿ ಗೆಲ್ಲಬೇಕಾದ ಅಗತ್ಯವಿಲ್ಲ.

ಯಾರ ವಿರುದ್ಧ, ಎಲ್ಲಿ ನಡೆದದ್ದು?

ಸುಪ್ರೀಂ ಕೋರ್ಟಿನ ರಿಟ್ ದೇಶದ ಯಾವ ಮೂಲೆಗೂ ತಲುಪುತ್ತದೆ. ಹೈಕೋರ್ಟಿನದು ತನ್ನ ಪ್ರದೇಶದೊಳಗೆ ಮಾತ್ರ. ಕೇರಳ ಹೈಕೋರ್ಟಿಗೆ ಕೇರಳ ಮತ್ತು ಲಕ್ಷದ್ವೀಪ. ಈ ಗಡಿ ಹಿಂದೆ ಇನ್ನೂ ಬಿಗಿಯಾಗಿತ್ತು. ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1953ರಲ್ಲಿ, ದೆಹಲಿಯಲ್ಲಿ ಕಚೇರಿಯುಳ್ಳ ಚುನಾವಣಾ ಆಯೋಗಕ್ಕೆ ಮದರಾಸು ಹೈಕೋರ್ಟು ರಿಟ್ ಹೊರಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ನೀಡಿತು. ದೂರದೂರುಗಳ ಜನರಿಗೆ ಇದರಿಂದಾದ ತೊಂದರೆಯನ್ನು ಮನಗಂಡು 1963ರ ಹದಿನೈದನೆಯ ತಿದ್ದುಪಡಿ, ವ್ಯಾಜ್ಯಕ್ಕೆ ಕಾರಣವಾದ ಘಟನೆ ಪೂರ್ತಿಯಾಗಿಯೋ ಭಾಗಶಃವೋ ಯಾವ ಹೈಕೋರ್ಟಿನ ಪ್ರದೇಶದಲ್ಲಿ ನಡೆದಿದೆಯೋ ಆ ಹೈಕೋರ್ಟು ಹೊರಗಿನ ಅಧಿಕಾರಿಗೂ ಆದೇಶ ನೀಡಬಹುದೆಂದು ಸೇರಿಸಿತು. ಈಗಿನ 226(2)ನೇ ವಿಧಿ ಅದೇ. ಪಾಸ್‌ಪೋರ್ಟ್, ರೈಲ್ವೆ, ಕೇಂದ್ರೀಯ ವಿದ್ಯಾಲಯ ಇತ್ಯಾದಿ ಕೇಂದ್ರದ ಸಂಸ್ಥೆಗಳ ವಿರುದ್ಧ ದೆಹಲಿಗೆ ಹೋಗದೆ ಎರ್ನಾಕುಳಂನಲ್ಲಿಯೇ ಅರ್ಜಿ ಹಾಕಲು ಸಾಧ್ಯವಾಗಿರುವುದು ಇದರಿಂದ.

ಆದರೆ ಗಡಿನಾಡಿನಲ್ಲಿ ಬದುಕು ಒಂದು ರಾಜ್ಯದಲ್ಲಿ, ಆಸ್ಪತ್ರೆ ಮತ್ತು ಕಾಲೇಜು ಇನ್ನೊಂದು ರಾಜ್ಯದಲ್ಲಿ. ಈ ಸ್ಥಿತಿಯಲ್ಲಿ ಎರಡು ನ್ಯಾಯಾಲಯಗಳ ಅಧಿಕಾರ ಹೇಗೆ ಬೇರ್ಪಡುತ್ತದೆಂಬುದನ್ನು ಕೇರಳ-ಕರ್ನಾಟಕ ಗಡಿಯ ತಲಪಾಡಿಯ 2020ರ ಪ್ರಕರಣದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ತಿಳಿಯದು. ಕೊರೊನಾ ಕಾಲದ ಮಾರ್ಚ್ ತಿಂಗಳಲ್ಲಿ ಕರ್ನಾಟಕವು ಗಡಿ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸ್‌ಗಳು ಗಡಿಯಲ್ಲಿ ನಿಂತವು. ಕೇರಳ ಹೈಕೋರ್ಟಿನ ವಕೀಲರ ಸಂಘ 226ನೇ ವಿಧಿಯಡಿ ಅಲ್ಲಿಯೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಕೇರಳದ ಹೈಕೋರ್ಟು ಕರ್ನಾಟಕ ಸರ್ಕಾರಕ್ಕೆ ಆದೇಶ ಕೊಡಬಹುದೇ ಎಂಬ ಪ್ರಶ್ನೆ ತಕ್ಷಣ ಎದ್ದಿತು. ಏಪ್ರಿಲ್ 1ರಂದು ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠವು, ಸಂಚಾರ ಸ್ವಾತಂತ್ರ್ಯ ಮತ್ತು ಜೀವಿಸುವ ಹಕ್ಕಿನ ಭಂಗವನ್ನು ಗುರುತಿಸಿ, ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ತಡೆಗಳನ್ನು ತೆರವುಗೊಳಿಸುವಂತೆ ನೋಡಿಕೊಳ್ಳಬೇಕೆಂಬ ನಿರ್ದೇಶನವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಆದೇಶವನ್ನು ಯಾರ ಹೆಸರಿಗೆ ಬರೆಯಬೇಕೆಂಬ ಆಯ್ಕೆಯಲ್ಲಿಯೇ ಹೈಕೋರ್ಟಿನ ಬಲವೂ ಮಿತಿಯೂ ಕಾಣುತ್ತವೆ. ಕರ್ನಾಟಕ ಸುಪ್ರೀಂ ಕೋರ್ಟಿಗೆ ಮೇಲೆ ಹೋಯಿತು. ಕಾಸರಗೋಡಿನ ಲೋಕಸಭಾ ಸದಸ್ಯರು ಬೇರೆಯಾಗಿ ಸುಪ್ರೀಂ ಕೋರ್ಟಿನಲ್ಲಿಯೇ ರಿಟ್ ಅರ್ಜಿ ಹಾಕಿದರು. ಎರಡು ರಾಜ್ಯಗಳನ್ನೂ ಕೇಂದ್ರವನ್ನೂ ಒಟ್ಟಿಗೆ ಕೂರಿಸಿ ರೋಗಿಗಳ ಸಾಗಾಟಕ್ಕೆ ಒಪ್ಪಿತ ನಿಯಮ ಮಾಡಿಸುವುದು ಸುಪ್ರೀಂ ಕೋರ್ಟಿಗೆ ಸಾಧ್ಯವಾಯಿತು, ಮತ್ತು ಒಪ್ಪಂದವಾಗಿದೆಯೆಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಕ್ತಾಯವಾಯಿತು.

ಇದರಿಂದ ಹೀಗೊಂದು ಅಳತೆಯನ್ನು ಮಾಡಿಕೊಳ್ಳಬಹುದು. ಎದುರಾಳಿ ಕೇರಳದ ಅಧಿಕಾರಿಯಾದರೆ ಎರ್ನಾಕುಳಂ. ಕೇಂದ್ರದ ಅಧಿಕಾರಿಯಾಗಿ ಘಟನೆ ಇಲ್ಲಿ ನಡೆದಿದ್ದರೆ ಆಗಲೂ ಎರ್ನಾಕುಳಂ. ಪೆರ್ಲದ ವಿದ್ಯಾರ್ಥಿಯೊಬ್ಬರಿಗೆ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರ ಮೀಸಲಾತಿ ನಿರಾಕರಣೆಯಾದರೆ, ನಿರ್ಧಾರ ಮಾಡಿದ ಪ್ರಾಧಿಕಾರವೂ ನಿಯಮವೂ ಕರ್ನಾಟಕದವೇ ಆದ್ದರಿಂದ, ಬೆಂಗಳೂರಿನಲ್ಲಿರುವ ಕರ್ನಾಟಕ ಹೈಕೋರ್ಟಿನ ಪ್ರಧಾನ ಪೀಠಕ್ಕೆ ಹೋಗುವುದೇ ಸುರಕ್ಷಿತ; ಮನೆ ಕೇರಳದಲ್ಲಿದೆ ಎಂಬುದು ಅಡ್ಡಿಯಲ್ಲ. ಎರಡು ರಾಜ್ಯಗಳ ನಡೆಗಳು ಒಂದರೊಳಗೊಂದು ಹೆಣೆದುಕೊಂಡು ಮೂಲಭೂತ ಹಕ್ಕೇ ಅಪಾಯದಲ್ಲಿದ್ದಾಗ ಮಾತ್ರ 32ನೇ ವಿಧಿಯ ನೇರ ದಾರಿಯನ್ನು ಯೋಚಿಸುವುದು ಜಾಣತನ.

ಒಂದರಲ್ಲಿ ಮಾತ್ರ ಇರುವ ಅಧಿಕಾರಗಳು

ರಾಜ್ಯ ಮತ್ತು ಕೇಂದ್ರದ, ಅಥವಾ ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ 131ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೇ ಮೀಸಲು. ಕೇರಳವು 2020ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನೂ 2023ರಲ್ಲಿ ಸಾಲದ ಮಿತಿಯನ್ನೂ ಪ್ರಶ್ನಿಸಿ ದಾವೆ ಹೂಡಿದ್ದು ಈ ವಿಧಿಯಡಿ. ಬೆಳಗಾವಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆಯೂ ಇದರಡಿಯದೇ. ಈ ಬಾಗಿಲು ಪ್ರಜೆಗಳಿಗೂ ಸಂಘಟನೆಗಳಿಗೂ ಇಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದ್ದನ್ನು ಜಾರಿಗೆ ತರಿಸಲು ರಿಟ್ ಅರ್ಜಿ ಹಾಕಬಾರದೇಕೆಂದು ಈಗಲೂ ಕೇಳುವವರಿದ್ದಾರೆ. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರವನ್ನು ಮೂರನೆಯ ವಿಧಿ ಸಂಸತ್ತಿಗೆ ಕೊಟ್ಟಿದೆ. ಆಯೋಗದ ಶಿಫಾರಸು ಕಾನೂನಲ್ಲ, ಮತ್ತು ಇಂಥ ಕಾನೂನು ಮಾಡಿ ಎಂದು ಸಂಸತ್ತಿಗೆ ಆಜ್ಞಾಪಿಸುವ ರಿಟ್ ಎರಡು ನ್ಯಾಯಾಲಯಗಳಲ್ಲಿ ಯಾವುದರಲ್ಲಿಯೂ ಇಲ್ಲ.

ರಾಷ್ಟ್ರಪತಿಗಳು 143ನೇ ವಿಧಿಯಡಿ ಅಭಿಪ್ರಾಯ ಕೇಳಬಹುದಾದದ್ದು ಸುಪ್ರೀಂ ಕೋರ್ಟಿನಿಂದ ಮಾತ್ರ. ಕೇರಳ ಶಿಕ್ಷಣ ಮಸೂದೆಯ ಬಗ್ಗೆ 1958ರಲ್ಲಿ ಹಾಗೆ ಬಂದ ಅಭಿಪ್ರಾಯ ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳ ಬಗ್ಗೆ ಇಂದಿಗೂ ಉಲ್ಲೇಖವಾಗುತ್ತದೆ. ಪೂರ್ಣ ನ್ಯಾಯಕ್ಕಾಗಿ ಅಗತ್ಯವೆನಿಸಿದ ಯಾವುದೇ ಆದೇಶ ನೀಡುವ 142ನೇ ವಿಧಿಯ ಅಧಿಕಾರವೂ ಹೈಕೋರ್ಟಿಗಿಲ್ಲ. ಮತ್ತೆ ಕೂಡಲಾರದಷ್ಟು ಮುರಿದ ಮದುವೆಯನ್ನು ಆ ಕಾರಣವೊಂದರಿಂದಲೇ ವಿಸರ್ಜಿಸುವುದು ಸುಪ್ರೀಂ ಕೋರ್ಟಿಗೆ ಸಾಧ್ಯವೆಂದು 2023ರ ಸಂವಿಧಾನ ಪೀಠ ಹೇಳಿದ್ದು ಈ ವಿಧಿಯ ಬಲದಿಂದ. ಹೈಕೋರ್ಟು ಹಾಗೆ ಮಾಡಲಾರದು. ಸುಪ್ರೀಂ ಕೋರ್ಟು ಸಾರಿದ ಕಾನೂನು 141ನೇ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ಕೇರಳ ಹೈಕೋರ್ಟಿನ ತೀರ್ಪು ಕಾಸರಗೋಡಿನ ನ್ಯಾಯಾಲಯವನ್ನು ಕಟ್ಟಿಹಾಕುತ್ತದೆ; ತಲಪಾಡಿಯ ಆಚೆಗೆ ಅದಕ್ಕಿರುವುದು ಗೌರವ ಮಾತ್ರ.

ಹೈಕೋರ್ಟಿಗೆ ಮಾತ್ರ ಇರುವ ಅಧಿಕಾರವೇನೆಂದು ಕೇಳುವವರು ಕಡಿಮೆ. 227ನೇ ವಿಧಿಯಂತೆ ತನ್ನ ಪ್ರದೇಶದ ನ್ಯಾಯಾಲಯಗಳ ಮತ್ತು ನ್ಯಾಯಮಂಡಳಿಗಳ ಮೇಲ್ವಿಚಾರಣೆ ಹೈಕೋರ್ಟಿನದು. ಸೇನಾ ನ್ಯಾಯಮಂಡಳಿಗಳು ಮಾತ್ರ ಹೊರಗೆ. ವಿದ್ಯಾನಗರದ ಜಿಲ್ಲಾ ನ್ಯಾಯಾಲಯವಾಗಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯವಾಗಲಿ ತನ್ನ ಅಧಿಕಾರದ ಗೆರೆ ದಾಟಿದರೆ ಅದನ್ನು ಸರಿದಾರಿಗೆ ತರುವುದು ಈ ವಿಧಿ. ಸಿವಿಲ್ ನ್ಯಾಯಾಲಯದ ಆದೇಶದ ವಿರುದ್ಧ 226ನೇ ವಿಧಿಯ ರಿಟ್ ಕೇಳುವಂತಿಲ್ಲ, 227ನೇ ವಿಧಿಯಡಿಯೇ ಹೋಗಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದರಿಂದ, ಅರ್ಜಿಯ ತಲೆಬರಹದಲ್ಲಿ ಯಾವ ವಿಧಿಯನ್ನು ಬರೆಯುತ್ತೇವೆಂಬುದು ಬರೀ ಔಪಚಾರಿಕತೆಯಲ್ಲ. 235ನೇ ವಿಧಿಯಂತೆ ಕೆಳ ನ್ಯಾಯಾಲಯಗಳ ಆಡಳಿತ ನಿಯಂತ್ರಣವೂ ಹೈಕೋರ್ಟಿನ ಕೈಯಲ್ಲಿದೆ. ಸುಪ್ರೀಂ ಕೋರ್ಟಿಗೆ ಹೈಕೋರ್ಟುಗಳ ಮೇಲೆ ಇಂಥ ಮೇಲ್ವಿಚಾರಣೆಯಿಲ್ಲ. ಅದು ಹೈಕೋರ್ಟಿನ ತೀರ್ಪನ್ನು ರದ್ದುಮಾಡಬಲ್ಲದು, ಆದರೆ ಹೈಕೋರ್ಟು ಅದರ ಅಧೀನ ಕಚೇರಿಯಲ್ಲ.

ಸರ್ಕಾರಿ ಶಾಲೆಯ ಶಿಕ್ಷಕರ ವರ್ಗಾವಣೆ, ಬಡ್ತಿಯಂಥ ಸೇವಾ ವಿಷಯಗಳು ಮೊದಲು ಕೇರಳ ಆಡಳಿತ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಅಲ್ಲಿಗೆ ಎಲ್ಲ ಮುಗಿಯುವುದಿಲ್ಲ. 1997ರ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮಂಡಳಿಯ ತೀರ್ಪು ಹೈಕೋರ್ಟಿನ ವಿಭಾಗೀಯ ಪೀಠದ ಪರಿಶೀಲನೆಗೆ ಒಳಪಟ್ಟದ್ದೆಂದೂ, 32ರ ಅಧಿಕಾರದಂತೆಯೇ 226 ಮತ್ತು 227ರ ಅಧಿಕಾರವೂ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದೂ ಹೇಳಿತು. ಎಡನೀರಿನ ಮಠಾಧಿಪತಿಗಳ ಅರ್ಜಿಯಿಂದ ಹುಟ್ಟಿದ ಸಿದ್ಧಾಂತವೇ ಇಂದು ಹೈಕೋರ್ಟಿನ ಅಧಿಕಾರಕ್ಕೂ ರಕ್ಷೆಯಾಗಿದೆ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ

ಇಲ್ಲಿ ಹೆಚ್ಚು ಜನ ಎಡವುವ ಜಾಗವೊಂದಿದೆ. ಹೈಕೋರ್ಟಿನಲ್ಲಿ ಸೋತರೆ ಅದೇ ವಿಷಯವನ್ನು 32ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ಹೊಸದಾಗಿ ಎತ್ತಬಹುದೆಂದು ತಿಳಿಯಬಾರದು. ಗುಣಾವಗುಣಗಳನ್ನು ವಿಚಾರಿಸಿ ಹೈಕೋರ್ಟು ವಜಾ ಮಾಡಿದ ಅರ್ಜಿಯನ್ನು ಹಾಗೆ ಮತ್ತೆ ತರುವಂತಿಲ್ಲ, ಮೇಲ್ಮನವಿಯ ದಾರಿಯಲ್ಲಿಯೇ ಬರಬೇಕೆಂದು 1961ರ ದರ್ಯಾವೊ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ಯಾವ ಬಾಗಿಲನ್ನು ಮೊದಲು ತಟ್ಟುತ್ತೇವೆಂಬ ಆಯ್ಕೆ ಮುಂದಿನ ದಾರಿಯನ್ನೂ ನಿಗದಿ ಮಾಡುತ್ತದೆ. ಕೇರಳದಲ್ಲಿ ಏಕಸದಸ್ಯ ಪೀಠದ ತೀರ್ಪಿನ ವಿರುದ್ಧ 1958ರ ಕೇರಳ ಹೈಕೋರ್ಟ್ ಕಾಯ್ದೆಯ 5ನೇ ಸೆಕ್ಷನ್ನಿನಂತೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸುವ ಅವಕಾಶವಿದೆ. ಇದನ್ನು ಬಿಟ್ಟು ದೆಹಲಿಯ ದಾರಿ ಹಿಡಿಯುವುದು ಒಂದು ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ. 32ರಲ್ಲಿ ಸೋತರೆ ಉಳಿಯುವುದು ಪುನರ್ವಿಮರ್ಶೆಯ ತೀರ ಕಿರಿದಾದ ದಾರಿ.

ವಿಭಾಗೀಯ ಪೀಠದ ಬಳಿಕ, ಪ್ರಕರಣ ಸುಪ್ರೀಂ ಕೋರ್ಟಿನ ಮೇಲ್ಮನವಿಗೆ ತಕ್ಕದ್ದೆಂಬ ಪ್ರಮಾಣಪತ್ರವನ್ನು ಹೈಕೋರ್ಟಿನಿಂದಲೇ ಪಡೆದು 132 ಮತ್ತು 133ನೇ ವಿಧಿಗಳಡಿ ಹೋಗುವ ದಾರಿ ಇದ್ದರೂ, ವಾಸ್ತವದಲ್ಲಿ ಬಹುಪಾಲು ಪ್ರಕರಣಗಳು ಹೋಗುವುದು 136ನೇ ವಿಧಿಯ ವಿಶೇಷ ಅನುಮತಿ ಅರ್ಜಿಯ ಮೂಲಕ. ಇದಕ್ಕೆ ಸಾಮಾನ್ಯವಾಗಿ 90 ದಿನಗಳ ಗಡುವು. ಹೈಕೋರ್ಟು ಪ್ರಮಾಣಪತ್ರ ನಿರಾಕರಿಸಿದ್ದರೆ ಆ ದಿನದಿಂದ 60 ದಿನ. ಅನುಮತಿ ಕೊಡುವುದು ಬಿಡುವುದು ನ್ಯಾಯಾಲಯದ ಇಚ್ಛೆ, ಅದು ಹಕ್ಕಲ್ಲ. ಒಂದೇ ಸಾಲಿನ ಆದೇಶದಿಂದ ಅರ್ಜಿ ವಜಾ ಆದರೆ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಒಪ್ಪಿಕೊಂಡಿತೆಂದು ಅರ್ಥವಾಗುವುದಿಲ್ಲ ಎಂಬುದು 2000ದ ಕುಞಯಮ್ಮದ್ ಪ್ರಕರಣದಲ್ಲಿ, ಅದೂ ಕೇರಳದಿಂದಲೇ ಹೋದ ಪ್ರಕರಣದಲ್ಲಿ, ಸ್ಪಷ್ಟವಾಯಿತು. ‘ಸುಪ್ರೀಂ ಕೋರ್ಟೇ ನಮ್ಮ ವಿರುದ್ಧ ತೀರ್ಪು ಕೊಟ್ಟಿದೆ’ ಎಂಬ ಮಾತನ್ನು ನಂಬುವ ಮೊದಲು ಆ ಆದೇಶದ ಪ್ರತಿಯನ್ನು ತರಿಸಿ ಓದಬೇಕು.

ಆದೇಶ ಬಂದ ಮೇಲೆ

ಎಂಡೋಸಲ್ಫಾನ್ ಪ್ರಕರಣವನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತ. ಗೇರು ತೋಟಗಳ ಮೇಲೆ ವಿಮಾನದಿಂದ ಕೀಟನಾಶಕ ಸಿಂಪಡಿಸುವುದರ ವಿರುದ್ಧದ ಹೋರಾಟ ಮೊದಲು ತಡೆಯಾಜ್ಞೆ ಪಡೆದದ್ದು ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ. ಒಂದು ತೋಟದ ಮೇಲಿನ ಸಿಂಪಡಣೆಗೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಸಾಕು. ಆದರೆ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆ ಮೂರನ್ನೂ ನಿಲ್ಲಿಸಬೇಕಾದಾಗ 32ನೇ ವಿಧಿಯೇ ತಕ್ಕ ದಾರಿ, ಮತ್ತು 2011ರ ಮೇ 13ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಿಂದ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷಗಳ ಮೇಲೆ, 2022ರಲ್ಲಿ, ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ 3,704 ಸಂತ್ರಸ್ತರಲ್ಲಿ ಎಂಟು ಮಂದಿಗೆ ಮಾತ್ರ ಹಣ ತಲುಪಿರುವುದನ್ನು ಅದೇ ನ್ಯಾಯಾಲಯ ದಾಖಲಿಸಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶವೂ ಸಂತ್ರಸ್ತರ ಊರಾದ ಎಣ್ಮಕಜೆಯ ಮನೆಯ ಅಂಗಳ ತಲುಪಲು ಯಾರಾದರೂ ಬೆನ್ನು ಹತ್ತಲೇಬೇಕು. ಎರಡು ನ್ಯಾಯಾಲಯಗಳಿಗೂ ತಮ್ಮ ನಿಂದನೆಯನ್ನು ಶಿಕ್ಷಿಸುವ ಅಧಿಕಾರವನ್ನು ಸಂವಿಧಾನವೇ ಕೊಟ್ಟಿದೆ, ಸುಪ್ರೀಂ ಕೋರ್ಟಿಗೆ 129ನೇ ವಿಧಿ, ಹೈಕೋರ್ಟಿಗೆ 215ನೇ ವಿಧಿ. ಯಾರ ಆದೇಶ ಮುರಿಯಲ್ಪಟ್ಟಿತೋ ಆ ನ್ಯಾಯಾಲಯದಲ್ಲಿಯೇ, 1971ರ ನ್ಯಾಯಾಂಗ ನಿಂದನೆ ಕಾಯ್ದೆ ಹೇಳುವ ಒಂದು ವರ್ಷದ ಅವಧಿಯನ್ನು ಮೀರದಂತೆ, ಅರ್ಜಿ ಸಲ್ಲಿಸಬೇಕು. ಆದೇಶ ದೆಹಲಿಯದಾದರೆ ಅದರ ಉಲ್ಲಂಘನೆಗೂ ದೆಹಲಿಗೇ ಹೋಗಬೇಕಾಗುತ್ತದೆಂಬ ಖರ್ಚನ್ನು ಮೊದಲೇ ಲೆಕ್ಕ ಹಾಕಿಡುವುದು ಒಳ್ಳೆಯದು.

ಹೈಕೋರ್ಟಿನಲ್ಲಿ ಎದುರು ಪಕ್ಷದವರು ನಿಮಗೆ ತಿಳಿಸದೆ, ದಾಖಲೆಗಳ ಪ್ರತಿ ಕೊಡದೆ ಮಧ್ಯಂತರ ಆದೇಶ ಪಡೆದಿದ್ದರೆ, ಅದನ್ನು ತೆರವುಗೊಳಿಸುವಂತೆ ಸಲ್ಲಿಸಿದ ಅರ್ಜಿಯನ್ನು ಎರಡು ವಾರಗಳಲ್ಲಿ ತೀರ್ಮಾನಿಸಬೇಕೆಂದು 226(3)ನೇ ವಿಧಿ ಹೇಳುತ್ತದೆ. 32ನೇ ವಿಧಿಯಲ್ಲಿ ಇಂಥ ಮಾತಿಲ್ಲ.

ಕಾಗದಪತ್ರ, ಭಾಷೆ, ನೆರವು

348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಮತ್ತು ಹೈಕೋರ್ಟುಗಳ ನಡಾವಳಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನಲ್ಲಿ ರಾಜ್ಯದ ಅಧಿಕೃತ ಭಾಷೆಗೆ ಅವಕಾಶ ಕೊಡಬಹುದಾದರೂ ಕೇರಳದಲ್ಲಿ ಹಾಗಾಗಿಲ್ಲ. ಆದ್ದರಿಂದ ಕನ್ನಡದ ಹಳೆಯ ದಾಖಲೆಪತ್ರ, ಶಾಲೆಯ ನಿರ್ಣಯ ಪುಸ್ತಕ, ಪಂಚಾಯತಿಗೆ ಕೊಟ್ಟ ಮನವಿ ಇವೆಲ್ಲಕ್ಕೂ ಇಂಗ್ಲಿಷ್ ಅನುವಾದ ಜೋಡಿಸಬೇಕು. ಎರ್ನಾಕುಳಂನಲ್ಲಿ ಕನ್ನಡ ಓದಬಲ್ಲ ವಕೀಲರು ವಿರಳವಾದ್ದರಿಂದ ಅನುವಾದವನ್ನು ಕಾಸರಗೋಡಿನಲ್ಲಿಯೇ ಮಾಡಿಸಿಕೊಂಡು ಹೋಗುವುದು ಮೇಲು. ನ್ಯಾಯಾಲಯಕ್ಕೆ ಹೋಗುವ ಮೊದಲು ಸಂಬಂಧಪಟ್ಟ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಮ್ಯಾಂಡಮಸ್ ಕೇಳುವವರು ಮೊದಲು ಬೇಡಿಕೆಯಿಟ್ಟು ನಿರಾಕರಣೆ ಪಡೆದಿರಬೇಕೆಂಬುದು ಎರಡು ನ್ಯಾಯಾಲಯಗಳೂ ಸಾಮಾನ್ಯವಾಗಿ ಪಾಲಿಸುವ ನಿಯಮ. ಆ ಮನವಿಯನ್ನು ಮಾತ್ರ ಕನ್ನಡದಲ್ಲಿಯೇ ಬರೆಯಬಹುದು. ಅಹವಾಲನ್ನು ಕೇಂದ್ರದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಯೊಳಗೆ ಆದಾಯವುಳ್ಳವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಉಚಿತ ವಕೀಲರನ್ನು ಪಡೆಯಬಹುದು. ಅರ್ಜಿಯನ್ನು ಕಾಸರಗೋಡಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಡಬಹುದು. ಪ್ರಕರಣ ಎರ್ನಾಕುಳಂನದಾದರೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಯೂ, ದೆಹಲಿಯದಾದರೆ ಸುಪ್ರೀಂ ಕೋರ್ಟಿನ ಸಮಿತಿಯೂ ಇದೆ. ಅರ್ಜಿಯೊಡನೆ ಪ್ರಶ್ನಿಸಬೇಕಾದ ಆದೇಶದ ಪ್ರತಿ, ಅಧಿಕಾರಿಗೆ ಕೊಟ್ಟ ಮನವಿ ಮತ್ತು ಅದರ ಸ್ವೀಕೃತಿ, ಆದಾಯದ ಅಥವಾ ವರ್ಗದ ಪ್ರಮಾಣಪತ್ರ, ಹಾಗೂ ಯಾವ ಹಕ್ಕಿಗೆ ಯಾವ ದಿನ ಯಾರಿಂದ ಭಂಗವಾಯಿತೆಂಬುದನ್ನು ತಾರೀಕಿನ ಕ್ರಮದಲ್ಲಿ ಬರೆದ ಒಂದು ಪುಟ ಇರಬೇಕು.